ಇನ್ನೂರ ಹನ್ನೆರಡು ಚುಕ್ಕೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವಳು ನೀರಕ್ಕ. ಆ ಹೆಸರನ್ನು ಅವಳು ತನ್ನ ಬಾಯಿಂದಲೇ ಸಂಪಾದಿಸಿಕೊಂಡಿದ್ದಳು. ಯಾರಾದರೂ ಯಂತ್ರಕ್ಕೆ ಟ್ಯೂಬು ಇಡಲು ಕೈ ಚಾಚಿದರೆ ಸಾಕು, “ನೀರು ಬಿಟ್ಯಾ? ಎಷ್ಟು ಸಲ ಬಿಟ್ಟೆ?” ಎಂದು ಹಿಂದಿನಿಂದ ಕೂಗು ಬರುತ್ತಿತ್ತು. ಒಬ್ಬ ರೋಗಿಯ ಟ್ಯೂಬಿಗೂ ಇನ್ನೊಬ್ಬರದಕ್ಕೂ ನಡುವೆ ಎರಡು ಟ್ಯೂಬು ಶುದ್ಧ ನೀರು ಓಡಿಸಿ ಯಂತ್ರದ ಕೊಳವೆ ತೊಳೆಯಬೇಕೆಂಬುದು ನಿಯಮ. ಹೊಸಬರು ಒಂದು ಓಡಿಸಿ ಸುಮ್ಮನಾಗುತ್ತಿದ್ದರು. ನೀರಕ್ಕ ಮೂರು ಓಡಿಸುತ್ತಿದ್ದಳು. “ಒಬ್ರು ಉಂಡ ತಟ್ಟೆ ತೊಳೀದೆ ಇನ್ನೊಬ್ರಿಗೆ ಬಡಿಸ್ತೀರಾ? ಇದೂ ಹಾಗೇ” ಎನ್ನುತ್ತಿದ್ದಳು.

ಕೆಲಸ ಹೇಳಲು ಸುಲಭ. ರೋಗಿಯ ಮೂಳೆಯಿಂದ ಹೀರಿ ತೆಗೆದ ಮಜ್ಜೆ ಬರುತ್ತದೆ. ಅದರಲ್ಲಿ ಲಕ್ಷಗಟ್ಟಲೆ ಜೀವಕೋಶ, ಒಂದೊಂದರ ಮೈಮೇಲೂ ಬಗೆಬಗೆಯ ಪ್ರೋಟೀನು. ಯಾವುದೋ ಒಂದು ಪ್ರೋಟೀನನ್ನು ಮಾತ್ರ ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಗಳು ಪುಟ್ಟ ಬಾಟಲಿಗಳಲ್ಲಿ ಸಿಗುತ್ತವೆ, ಅವಕ್ಕೆ ಹೊಳೆಯುವ ಬಣ್ಣ ಸೇರಿಸಿರುತ್ತಾರೆ. ಬೆಳಕು ತಾಗಿದರೆ ಬಣ್ಣ ಸಾಯುತ್ತದೆಂದು ಕೋಣೆಯಲ್ಲಿ ಸದಾ ಅರೆಗತ್ತಲೆ. ಬಣ್ಣ ಹಚ್ಚಿಸಿಕೊಂಡ ಕೋಶಗಳು ಕೂದಲೆಳೆಯಷ್ಟು ಸಣ್ಣ ನೀರಿನ ಧಾರೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. ದಾರಿಗೆ ಅಡ್ಡವಾಗಿ ಲೇಸರ್ ಕಿರಣ. ಅದನ್ನು ದಾಟುವಾಗ ಕೋಶದ ಮೈಮೇಲಿನ ಬಣ್ಣ ಒಮ್ಮೆ ಮಿನುಗುತ್ತದೆ, ಪರದೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಒಳ್ಳೆಯ ಕೋಶಗಳ ಚುಕ್ಕೆಗಳು ಒಂದೆಡೆ ಗುಂಪು ಕಟ್ಟುತ್ತವೆ, ಕ್ಯಾನ್ಸರಿನವು ಬೇರೆ ಕಡೆ. ನೀರಕ್ಕ ಮೌಸು ಹಿಡಿದು ಆ ಕೆಟ್ಟ ಗುಂಪಿನ ಸುತ್ತ ಬೇಲಿ ಎಳೆಯುತ್ತಾಳೆ, ಬೇಲಿಯೊಳಗೆ ಎಷ್ಟಿವೆ ಎಂದು ಯಂತ್ರ ಹೇಳುತ್ತದೆ. ಆ ಒಂದು ಅಂಕಿ ಕೇಳಿ ಮೇಲಿನ ಮಹಡಿಗಳಲ್ಲಿ ಯಾರೋ ಅಳುತ್ತಾರೆ, ಯಾರೋ ನಗುತ್ತಾರೆ. ನೀರಕ್ಕ ಅವರ ಮುಖ ನೋಡಿದವಳಲ್ಲ. ನೋಡಬೇಕೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ, ನಾದಿನಿಯ ಟ್ಯೂಬು ಬರುವವರೆಗೆ.

ಎರಡು ಜುಟ್ಟು ಸೇರಿದರೂ ಎರಡು ಜಡೆ ಸೇರವು ಎನ್ನುತ್ತಾರಲ್ಲ, ಆ ಮಾತನ್ನು ಕಟ್ಟಿದವರು ಈ ಅತ್ತಿಗೆ ನಾದಿನಿಯರನ್ನು ನೋಡಿಯೇ ಕಟ್ಟಿರಬೇಕು. ನಾದಿನಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ಮದುವೆಯಾಗದೆ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದವಳು. ಅತ್ತೆ ಹಾಸಿಗೆ ಹಿಡಿದಿದ್ದಾಗ ವಾರಕ್ಕೊಮ್ಮೆ ಬಂದು ಹೊದಿಕೆ ಕೊಳೆಯಾಗಿದೆ, ಉಗುರು ಬೆಳೆದಿದೆ ಎಂದು ಕೊಂಕು ತೆಗೆಯುತ್ತಿದ್ದಳು. ಒಂದು ಭಾನುವಾರ ನೀರಕ್ಕನಿಗೆ ತಡೆಯಲಾಗಲಿಲ್ಲ. “ವಾರಕ್ಕೊಂದಿನ ಬಂದು ಮಗಳು ಅನ್ನಿಸ್ಕೊಳ್ಳೋದು ಸುಲಭ. ಮಿಕ್ಕ ಆರು ದಿನ ಬಂದು ನೋಡು” ಎಂದುಬಿಟ್ಟಳು. ಅಲ್ಲಿಂದ ಆರು ವರ್ಷ ಮಾತಿಲ್ಲ ಕತೆಯಿಲ್ಲ. ಅತ್ತೆ ಸತ್ತ ದಿನವೂ ಇಬ್ಬರೂ ಗಂಡನ, ಅಂದರೆ ಅಣ್ಣನ, ಎಡಕ್ಕೊಬ್ಬಳು ಬಲಕ್ಕೊಬ್ಬಳು ನಿಂತು ಅತ್ತರು.

ಹತ್ತು ತಿಂಗಳ ಹಿಂದೆ ಅದೇ ನಾದಿನಿ ರಕ್ತಪರೀಕ್ಷೆಯ ಕಾಗದ ಹಿಡಿದು ನೆಲಮಾಳಿಗೆಗೆ ಇಳಿದು ಬಂದಳು. ಟ್ಯೂಬು ಒಳಗೆ ಕೊಡುವ ಕಂಡಿಯ ಮುಂದೆ ನಿಂತು, “ಅಣ್ಣನಿಗೆ ತೋರ್ಸೋಕ್ ಮುಂಚೆ ನಿನಗೆ ತೋರಿಸ್ಬೇಕು ಅನ್ನಿಸ್ತು ಅತ್ತಿಗೆ” ಎಂದಳು. ಕಾಗದದ ಮೂರನೇ ಸಾಲಿಗೇ ನೀರಕ್ಕನಿಗೆ ಇದು ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಆರು ವರ್ಷದ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಸಂಜೆಯೇ ಆ ಎರಡು ಕೋಣೆಯ ಮನೆಗೆ ಬೀಗ ಹಾಕಿಸಿ ನಾದಿನಿಯನ್ನು ತನ್ನ ಮನೆಗೆ ಕರೆದುಕೊಂಡು ಬಂದಳು.

ಔಷಧಿ ಶುರುವಾದ ಮೂರನೇ ವಾರಕ್ಕೆ ಕೂದಲೆಲ್ಲ ಉದುರಿತು. ನಾದಿನಿ ಬೋಳುತಲೆ ಸವರಿಕೊಂಡು, “ಈಗ ಒಂದೇ ಜಡೆ ಉಳೀತು ನೋಡು ಮನೇಲಿ. ಇನ್ಮೇಲೆ ಜಗಳ ಆಗೋ ಹಾಗಿಲ್ಲ” ಎಂದಳು. ನೀರಕ್ಕ ನಗಲು ಹೋಗಿ ಬಚ್ಚಲುಮನೆಗೆ ಓಡಿದಳು. ನಾದಿನಿಗೆ ಅತ್ತಿಗೆಯ ಕೆಲಸದ ಬಗ್ಗೆ ಕೇಳುವ ಹುಚ್ಚೂ ಹತ್ತಿತು. ಕೇಳಿಸಿಕೊಂಡು, “ಇದು ನಮ್ಮ ಕೆಲಸಾನೇ ಅಲ್ವಾ? ನಾವು ವಿಳಾಸ ನೋಡಿ ಗೂಡಿಗೆ ಹಾಕ್ತೀವಿ, ನೀವು ಬಣ್ಣ ನೋಡಿ ಹಾಕ್ತೀರ. ನಮ್ಮಲ್ಲಿ ತಪ್ಪು ವಿಳಾಸದ್ದು ಬಂದ್ರೆ ಕಳಿಸ್ದೋರಿಗೇ ವಾಪಸ್ಸು. ನನ್ನದನ್ನ ಯಾರಿಗೆ ಅಂತ ವಾಪಸ್ ಕಳಿಸೋದು?” ಎಂದಳು. ಅವಳು ಹೆದರುತ್ತಿದ್ದದ್ದು ಒಂದೇ ಒಂದಕ್ಕೆ, ಸೊಂಟದ ಮೂಳೆಗೆ ಚುಚ್ಚುವ ಸೂಜಿಗೆ. ಮರಗಟ್ಟಿಸುವ ಮದ್ದು ಚರ್ಮಕ್ಕೆ ಹತ್ತುತ್ತದೆಯೇ ಹೊರತು ಒಳಗೆ ಮಜ್ಜೆ ಹೀರುವ ನೋವಿಗೆ ಹತ್ತುವುದಿಲ್ಲ. “ಜೀವಾನೇ ಸ್ಟ್ರಾ ಹಾಕಿ ಕುಡಿದ ಹಾಗಾಗುತ್ತೆ” ಎನ್ನುತ್ತಿದ್ದಳು.

ನಾಲ್ಕು ತಿಂಗಳ ಹಿಂದಿನ ಪರೀಕ್ಷೆಯಲ್ಲಿ ಬೇಲಿ ಖಾಲಿ ಇತ್ತು. ಅಂದು ನೀರಕ್ಕ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದ್ದಳು. ಈ ಶುಕ್ರವಾರದ್ದು ಎರಡನೆಯ ಪರೀಕ್ಷೆ. ಇದೂ ಖಾಲಿಯಾದರೆ ಔಷಧಿ ಕಡಿಮೆ ಮಾಡಬಹುದು, ನಾದಿನಿ ಕೆಲಸಕ್ಕೆ ಮರಳಬಹುದು. ಖಾಲಿ ಇಲ್ಲದಿದ್ದರೆ ರೋಗ ಮರಳಿದೆ ಎಂದರ್ಥ, ಆಮೇಲೆ ಕೊಡಲು ಡಾಕ್ಟರ ಬಳಿ ಹೆಚ್ಚೇನೂ ಉಳಿದಿರಲಿಲ್ಲ. ಮನೆಯವರ ಟ್ಯೂಬನ್ನು ತಾನೇ ಮುಟ್ಟಬಾರದು ಎಂಬ ನಿಯಮ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಮಧ್ಯಾಹ್ನ ನೀರಕ್ಕ ಮೊದಲು ನಾಲ್ಕನೇ ವಾರ್ಡಿನ ಮುದುಕರೊಬ್ಬರ ಟ್ಯೂಬು ಓಡಿಸಿದಳು. ಅವರದೂ ನಾದಿನಿಯ ಜಾತಿಯದೇ ರೋಗ, ನೂರಕ್ಕೆ ಎಂಬತ್ತು ಕೆಟ್ಟ ಕೋಶಗಳೇ. ಅದು ಮುಗಿಯುತ್ತಿದ್ದಂತೆ ಕಂಡಿಯಲ್ಲಿ ನಾದಿನಿಯ ಮುಖ ಕಾಣಿಸಿತು. ಚುಚ್ಚಿಸಿಕೊಂಡು ಮೇಲೆ ಒಂದು ಗಂಟೆ ಮಲಗಿದ್ದು, ಜೊತೆಗೇ ಮನೆಗೆ ಹೋಗೋಣವೆಂದು ಇಳಿದು ಬಂದಿದ್ದಳು. ಮುಖ ಬೆಳ್ಳಗೆ ಬಿಳುಚಿತ್ತು. “ಅತ್ತಿಗೆ, ಒಂದ್ ಗುಟುಕು ನೀರು ಕೊಡು” ಎಂದಳು. ನೀರಕ್ಕ ಕೈಗವಸು ಕಿತ್ತೆಸೆದು ಹೊರಗೆ ಹೋದಳು, ಬೆಂಚಿನ ಮೇಲೆ ಕೂರಿಸಿದಳು, ನೀರು ಕುಡಿಸಿದಳು, ಹೆಗಲಿಗೆ ತನ್ನ ಸ್ವೆಟರು ಹೊದಿಸಿದಳು. ಮರಳಿ ಬಂದು ಹೊಸ ಕೈಗವಸು ಹಾಕಿಕೊಂಡು ಯಂತ್ರಕ್ಕೆ ನಾದಿನಿಯ ಟ್ಯೂಬು ಇಟ್ಟಳು.

ಏಳು ನಿಮಿಷ ಯಂತ್ರ ಓಡಿತು, ಹತ್ತು ಲಕ್ಷ ಕೋಶ. ಇಂಥ ಪರೀಕ್ಷೆಯಲ್ಲಿ ಹತ್ತು ಸಾವಿರಕ್ಕೊಂದು ಕೆಟ್ಟದ್ದಿದ್ದರೂ ಹುಡುಕಬೇಕಾದ್ದರಿಂದ ಟ್ಯೂಬಿನಲ್ಲಿ ಹನಿಯನ್ನೂ ಉಳಿಸುವಂತಿಲ್ಲ, ಮತ್ತೊಮ್ಮೆ ಓಡಿಸಲು ಏನೂ ಮಿಕ್ಕಿರುವುದಿಲ್ಲ. ಕೊನೆಗೆ ನೀರಕ್ಕ ಬೇಲಿ ಎಳೆದಳು. ಅದರೊಳಗೆ ಚುಕ್ಕೆಗಳಿದ್ದವು. ಬೇಲಿಯನ್ನು ಸ್ವಲ್ಪ ಈಚೆ ಸರಿಸಿದಳು, ಅಂಕಿ ಇನ್ನೂರ ಐದಾಯಿತು. ಆಚೆ ಸರಿಸಿದರೆ ಇನ್ನೂರ ಇಪ್ಪತ್ತು. ಎಲ್ಲರಿಗೂ ಎಳೆಯುವ ಜಾಗದಲ್ಲೇ ಎಳೆದರೆ ಇನ್ನೂರ ಹನ್ನೆರಡು. ಹೊರಗೆ ಬೆಂಚಿನ ಮೇಲೆ ನಾದಿನಿ ಯಾವುದೋ ಹಳೆಯ ವಾರಪತ್ರಿಕೆಯ ಪುಟ ಮಗುಚುವ ಸದ್ದು ಕೇಳಿಸುತ್ತಿತ್ತು.

ಆಗ ಅವಳಿಗೆ ಒಂದು ಯೋಚನೆ ಬಂತು. ಮುದುಕರ ಟ್ಯೂಬಾದ ಮೇಲೆ ನಾನು ನೀರು ಬಿಟ್ಟೆನೇ? ನಾದಿನಿಗೆ ಕುಡಿಸಿದ ನೀರು ನೆನಪಿತ್ತು, ಲೋಟದ ಅಂಚಿನ ಮೇಲಿದ್ದ ಅವಳ ಬೆರಳು ನೆನಪಿತ್ತು. ಯಂತ್ರಕ್ಕೆ ಬಿಟ್ಟ ನೀರು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಬಿಡದಿದ್ದರೆ ಈ ಇನ್ನೂರ ಹನ್ನೆರಡು ಮುದುಕರವು, ಕೊಳವೆಯಲ್ಲಿ ಉಳಿದ ಕೊಳೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಇಪ್ಪತ್ತೆರಡು ವರ್ಷ ಒಂದೂ ತಪ್ಪು ಮಾಡಿಲ್ಲವೆಂದು ಬೀಗಿಕೊಂಡು ಓಡಾಡಿದವಳು, ದೇವರೇ, ನಾನು ತಪ್ಪು ಮಾಡಿರಲಿ ಎಂದು ಮೊದಲ ಸಲ ಬೇಡಿಕೊಂಡಳು.

ಹಿರಿಯ ಡಾಕ್ಟರು ಆ ವಿಭಾಗದ ಮುಖ್ಯಸ್ಥರು. ನೀರಕ್ಕ ಕರೆದಾಗ ಬಂದು, ಪರದೆ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಸಾರ್, ನಡುವೆ ನಾನು ನೀರು ಬಿಟ್ಟಿಲ್ಲ ಅನ್ಸುತ್ತೆ” ಎಂದಳು ನೀರಕ್ಕ.

“ನೀವಾ?” ಡಾಕ್ಟರು ಗೋಡೆಗೆ ನೇತುಹಾಕಿದ್ದ ತೊಳೆತದ ಪಟ್ಟಿಯತ್ತ ತಿರುಗಿದರು. “ಇಲ್ಲಿ ಟಿಕ್ ಇದೆಯಲ್ಲ. ಎರಡಕ್ಕೂ ನಡುವೆ, ಮೂರು ಸಲ.”

ನೀರಕ್ಕನ ಮುಖ ಕೆಂಪಾಯಿತು. “ಟಿಕ್ಕು ಬೆಳಿಗ್ಗೆ ಬಂದ ತಕ್ಷಣಾನೇ ಹಾಕಿಬಿಡ್ತೀನಿ ಸಾರ್. ಇಡೀ ದಿನದ್ದು ಒಟ್ಟಿಗೇ. ಹೇಗಿದ್ರೂ ತೊಳೆದೇ ತೊಳೀತೀನಲ್ಲ ಅಂತ.”

“ಎಷ್ಟು ದಿನದಿಂದ?”

“ಮೊದಲಿಂದ.”

ಡಾಕ್ಟರು ಪಟ್ಟಿಯ ಹಿಂದಿನ ಹಾಳೆಗಳನ್ನು ಮಗುಚಿ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಅವರು ಕೂಗಾಡುತ್ತಿದ್ದರು. ಎದುರಿಗಿದ್ದವಳು ತನ್ನ ಮರ್ಯಾದೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಇದನ್ನು ತಗೊಂಡು ಅವಳನ್ನು ಉಳಿಸಿ ಎಂದು ಕೇಳುತ್ತಿರುವುದು ಅವರಿಗೆ ಅರ್ಥವಾಗಿತ್ತು. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಈ ವರದಿ ಸದ್ಯಕ್ಕೆ ಹೊರಗೆ ಹೋಗೋದು ಬೇಡ. ಮಂಗಳವಾರ ಮತ್ತೆ ಚುಚ್ಚಿ ತೆಗೆಯೋಣ” ಎಂದರು. ಬಾಗಿಲ ತನಕ ಹೋದವರು ತಿರುಗಿ, “ಟೈಮ್ ನೋಡಿದ್ರಾ?” ಎಂದು ಕೇಳಿದರು.

“ನೋಡ್ತೀನಿ ಸಾರ್.”

ಯಂತ್ರ ಒಂದೊಂದು ಚುಕ್ಕೆಯ ಜೊತೆಗೂ ಅದು ಬಿದ್ದ ಹೊತ್ತನ್ನು ಬರೆದಿಟ್ಟುಕೊಂಡಿರುತ್ತದೆ. ಹಿಂದಿನ ಟ್ಯೂಬಿನ ಕೊಳೆ ಕೊಳವೆಯಲ್ಲಿ ಉಳಿದಿದ್ದರೆ ಅದು ಮೊದಲ ಕೆಲವು ಸೆಕೆಂಡಿನಲ್ಲೇ ಬಂದು ಮುಗಿದುಹೋಗುತ್ತದೆ. ರೋಗಿಯದೇ ಆದರೆ ಮೊದಲಿಂದ ಕೊನೆಯವರೆಗೂ ಒಂದೇ ಸಮ ಬರುತ್ತಲೇ ಇರುತ್ತದೆ. ಎರಡು ಗುಂಡಿ ಒತ್ತಿದರೆ ಸಾಕು, ಪರದೆಯ ಮೇಲೆ ಕಾಣುತ್ತದೆ. ಇದನ್ನು ಆ ಕೋಣೆಗೆ ಬಂದ ಪ್ರತಿಯೊಬ್ಬರಿಗೂ ಕಲಿಸಿಕೊಟ್ಟವಳು ನೀರಕ್ಕನೇ. ಡಾಕ್ಟರು ಹೋದ ಮೇಲೆ ಅವಳು ಯಂತ್ರ ಆರಿಸಿ, ಕೈ ತೊಳೆದು, ನಾದಿನಿಯನ್ನು ಕರೆದುಕೊಂಡು ಮನೆಗೆ ಹೋದಳು. ಆ ಎರಡು ಗುಂಡಿ ಒತ್ತಲಿಲ್ಲ. ಹೊಸಬರು ಯಾರಾದರೂ ಹೀಗೆ ಮಾಡಿದ್ದರೆ ಅವರ ಚರ್ಮ ಸುಲಿಯುತ್ತಿದ್ದಳು.

ಬಸ್ಸಿನಲ್ಲಿ ನಾದಿನಿ, “ಏನಂತು ನಿನ್ನ ಮಷಿನ್ನು?” ಎಂದು ಕೇಳಿದಳು.

“ಏನೂ ಅನ್ನಲಿಲ್ಲ. ನಂದೇ ತಪ್ಪಾಯ್ತು. ನಡುವೆ ತೊಳೆಯೋದು ಮರೆತೆ, ನಿನ್ನದು ಇನ್ನೊಬ್ರದ್ದರ ಜೊತೆ ಬೆರೆತು ಕೆಟ್ಟುಹೋಯ್ತು. ಮಂಗಳವಾರ ಮತ್ತೆ ಚುಚ್ಬೇಕು.”

ಚುಚ್ಚಬೇಕು ಎಂದಾಗ ನಾದಿನಿಯ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯಿತು. ಅತ್ತಿಗೆಯ ಮುಖವನ್ನು ಒಂದು ಗಳಿಗೆ ನೆಟ್ಟ ನೋಟದಲ್ಲಿ ನೋಡಿದಳು. ಆಮೇಲೆ ಇಡೀ ಬಸ್ಸು ತಿರುಗಿ ನೋಡುವ ಹಾಗೆ ನಕ್ಕಳು. “ಇಪ್ಪತ್ತೆರಡು ವರ್ಷ ಊರಿಗೆಲ್ಲ ತೊಳಿ ತೊಳಿ ಅಂತ ಬೈದೋಳು! ಹೇಳೋದು ಆಚಾರ, ತಿನ್ನೋದು ಬದನೇಕಾಯಿ!”

ಆ ಮೂರು ದಿನ ಮನೆಯಲ್ಲಿ ಅದೇ ತಮಾಷೆ. ಅಣ್ಣ ಊಟಕ್ಕೆ ಕೂತರೆ, “ತಟ್ಟೆ ಮತ್ತೊಂದ್ಸಲ ತೊಳ್ಕೊಳೋ ಅಣ್ಣ, ನಮ್ಮತ್ತಿಗೆ ಇತ್ತೀಚೆಗೆ ಮರೀತಾಳೆ” ಎನ್ನುವಳು. ಅಂಚೆ ಕಚೇರಿಯ ಗೆಳತಿಗೆ ಫೋನು ಮಾಡಿ ಅದನ್ನೇ ಹೇಳಿ ನಗುವಳು. ನೀರಕ್ಕನೂ ನಕ್ಕಳು. ನಗುತ್ತ ನಗುತ್ತ ನಂಬಿದಳು. ಶನಿವಾರದ ಹೊತ್ತಿಗೆ ‘ಬಿಟ್ಟಿಲ್ಲ ಅನ್ಸುತ್ತೆ’ ಎಂಬುದು ‘ಬಿಟ್ಟಿಲ್ಲ’ ಎಂದಾಗಿತ್ತು. ಭಾನುವಾರ ನಾದಿನಿಯ ಅಂಚೆ ಕಚೇರಿಯ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ಸೋಮವಾರ ಅವುಗಳಿಗೆ ಇಸ್ತ್ರಿ ಹಾಕಿದಳು. ನಾದಿನಿ ಬಾಗಿಲಿಗೆ ಒರಗಿ ನಿಂತು ನೋಡುತ್ತ, “ನೀಲಿದ್ರ ಅಂಚು ಬಿಚ್ಚಿದೆ ನೋಡು, ಹೊಲೀಬೇಕು” ಎಂದಳು. ನೀರಕ್ಕ ಕೂತು ಅಂಚನ್ನೂ ಹೊಲಿದಳು. ಹತ್ತು ತಿಂಗಳಲ್ಲಿ ಅಷ್ಟು ನೆಮ್ಮದಿಯ ದಿನಗಳು ಆ ಮನೆಯಲ್ಲಿ ಬಂದಿರಲಿಲ್ಲ, ಅದಂತೂ ನಿಜ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಾದಿನಿ ಮೊದಲ ಮಹಡಿಯ ಚುಚ್ಚುವ ಕೋಣೆಗೆ ಹೋದಳು. ನೀರಕ್ಕ ನೆಲಮಾಳಿಗೆಯಲ್ಲಿ ಬಣ್ಣದ ಬಾಟಲಿಗಳನ್ನು ಫ್ರಿಜ್ಜಿನಿಂದ ತೆಗೆದು ಸಾಲಾಗಿ ಜೋಡಿಸುತ್ತಿದ್ದಳು. ಹಸಿರು, ಕಿತ್ತಳೆ, ಕೆಂಪು ಮುಚ್ಚಳಗಳು. ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು. ಹಿರಿಯ ಡಾಕ್ಟರು.

“ನೀರಕ್ಕ, ನಾನಿಲ್ಲಿ ಸಿದ್ಧ ಇದ್ದೀನಿ. ಟೈಮ್ ನೋಡಿದ್ರಲ್ಲ? ಶುರು ಮಾಡ್ಲಾ?”

ಹ್ಞೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಬಾಯಿ ಅದಕ್ಕೆ ತೆರೆದದ್ದೂ ಹೌದು. ಆದರೆ ಫೋನಿನಲ್ಲಿ, ಡಾಕ್ಟರ ಹಿಂದೆ, ನಾದಿನಿಯ ದನಿ ಕೇಳಿಸಿತು. ನರ್ಸಿನ ಹತ್ತಿರ, “ಕೈ ಹಿಡ್ಕೊಳ್ಳಮ್ಮ ಸ್ವಲ್ಪ, ಗಟ್ಟಿಯಾಗಿ ಹಿಡ್ಕೊ” ಎನ್ನುತ್ತಿದ್ದಳು. ಅಂಥ ದನಿಯಲ್ಲಿ ಅವಳು ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ.

“ಒಂದೇ ನಿಮಿಷ ಸಾರ್” ಎಂದು ನೀರಕ್ಕ ಫೋನನ್ನು ಮೇಜಿನ ಮೇಲಿಟ್ಟಳು.

ಶುಕ್ರವಾರದ ಕಡತ ತೆರೆದಳು. ಬೇಲಿಯೊಳಗಿನ ಇನ್ನೂರ ಹನ್ನೆರಡನ್ನು ಆರಿಸಿಕೊಂಡು ಗುಂಡಿ ಒತ್ತಿದಳು. ಮೊದಲ ಸೆಕೆಂಡುಗಳಲ್ಲಿ ಒತ್ತಾಗಿ ಬಿದ್ದು ಆಮೇಲೆ ಬರಿದಾಗಿ ಇರಲಿ, ಎಲ್ಲ ಎಡಗಡೆಗೇ ಇರಲಿ ಎಂದು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಚುಕ್ಕೆಗಳು ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿಕೊಂಡಿದ್ದವು. ಮೊದಲ ನಿಮಿಷ ಮೂವತ್ತೊಂದು, ಎರಡನೆಯದರಲ್ಲಿ ಇಪ್ಪತ್ತೊಂಬತ್ತು, ಮೂರನೆಯದರಲ್ಲಿ ಮೂವತ್ತು. ಏಳನೆಯ ನಿಮಿಷದವರೆಗೂ ಹಾಗೇ. ಎಲ್ಲೂ ಒತ್ತಿಲ್ಲ, ಎಲ್ಲೂ ತೆರಪಿಲ್ಲ. ಅಷ್ಟು ಚೊಕ್ಕವಾಗಿ ತೊಳೆದ ಕೊಳವೆಯನ್ನು ಹೊಸಬರಿಗೆ ಮಾದರಿ ಎಂದು ತೋರಿಸಬಹುದಿತ್ತು. ಅಂದು ಅವಳ ತಲೆ ನಾದಿನಿಯ ಹತ್ತಿರ ಇತ್ತು. ಕೈ ಮಾತ್ರ ತನ್ನಷ್ಟಕ್ಕೆ ತಾನು ಮೂರು ಸಲ ನೀರು ಬಿಟ್ಟಿತ್ತು. ಆ ಕೈಯನ್ನು ಕಡಿದು ಹಾಕಬೇಕೆನ್ನಿಸುವಷ್ಟು ಸಿಟ್ಟು ಬಂತು ಅವಳಿಗೆ.

ಮೇಜಿನ ಮೇಲಿನ ಫೋನು, “ಹಲೋ? ನೀರಕ್ಕ?” ಎನ್ನುತ್ತಲೇ ಇತ್ತು. ಅವಳು ಅದನ್ನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿದಳು. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಮೊದಲ ಮಹಡಿಗೆ ನಲವತ್ತನಾಲ್ಕು ಮೆಟ್ಟಿಲು, ನಡುವೆ ಎರಡು ಸಲ ಕಂಬಿ ಹಿಡಿದು ನಿಂತಳು.

ಕೋಣೆಯಲ್ಲಿ ನಾದಿನಿ ಮಗ್ಗುಲಾಗಿ, ಮೊಣಕಾಲು ಎದೆಗೆ ಮಡಚಿ ಮಲಗಿದ್ದಳು. ಸೊಂಟಕ್ಕೆ ಔಷಧಿ ಬಳಿದಿತ್ತು. ನರ್ಸಿನ ಕೈ ಅವಳ ಎರಡೂ ಕೈಗಳ ನಡುವೆ ಸಿಕ್ಕಿಕೊಂಡಿತ್ತು. ಡಾಕ್ಟರು ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಫೋನು ಹಿಡಿದು ಬಾಗಿಲತ್ತ ನೋಡಿದರು.

“ಬೇಡಿ ಸಾರ್, ಚುಚ್ಬೇಡಿ” ಎಂದಳು ನೀರಕ್ಕ. “ಚುಚ್ಚಿದ್ರೂ ಅದೇ ಬರೋದು.”

ಡಾಕ್ಟರು ಫೋನು ಕೆಳಗಿಟ್ಟರು. ನಾದಿನಿ ತಲೆ ತಿರುಗಿಸಿ ಅತ್ತಿಗೆಯನ್ನು ನೋಡಿದಳು.

“ತೊಳೆದಿದ್ಯಾ ಹಾಗಾದ್ರೆ?”

“ತೊಳೆದಿದ್ದೆ ಕಣೆ.”

“ಗೊತ್ತಿತ್ತು ಬಿಡು” ಎಂದಳು ನಾದಿನಿ. “ಬಸ್ಸಲ್ಲೇ ಗೊತ್ತಾಯ್ತು. ಆರು ವರ್ಷ ನಿನ್ನನ್ನ ಬೈಕೊಂಡು ಇದ್ದೋಳು ನಾನು. ಏನೇನೋ ಬೈದಿದ್ದೀನಿ, ತೊಳೆಯಲ್ಲ ಅಂತ ಬೈಯೋಕೆ ಮಾತ್ರ ಒಂದಿನಾನೂ ಆಗ್ಲಿಲ್ಲ. ಅಮ್ಮನ ಹೊದಿಕೇನೂ ನೀನು ದಿನಾ ತೊಳೀತಿದ್ದೆ. ಹೊಟ್ಟೆಕಿಚ್ಚಿಗೆ ಹಾಗಂದೆ ನಾನು.”

“ಗೊತ್ತಿದ್ದೂ ಮತ್ತೆ ಚುಚ್ಚಿಸ್ಕೊಳ್ಳೋಕೆ ಬಂದ್ಯಾ?”

“ಸೀರೆಗೆಲ್ಲ ಇಸ್ತ್ರಿ ಹಾಕ್ತಿದ್ದೆಯಲ್ಲ ನೀನು. ಹೇಗೆ ಬೇಡ ಅನ್ನಲಿ?”

ನೀರಕ್ಕ ಮಂಚದ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತು, ಡಾಕ್ಟರಿದ್ದಾರೆ, ನರ್ಸಿದ್ದಾಳೆ ಎಂಬ ಪರಿವೆಯೂ ಇಲ್ಲದೆ ಗಟ್ಟಿಯಾಗಿ ಅತ್ತಳು. ಅತ್ತೆ ಸತ್ತಾಗಲೂ ಹಾಗೆ ಅತ್ತವಳಲ್ಲ. ನಾದಿನಿ ನರ್ಸಿನ ಕೈ ಬಿಟ್ಟು, ಮಲಗಿದ್ದ ಹಾಗೇ ಬಗ್ಗಿ ಅತ್ತಿಗೆಯ ಬೆನ್ನು ಸವರತೊಡಗಿದಳು. “ಸುಮ್ನಿರು ಅತ್ತಿಗೆ, ಜನ ನೋಡ್ತಿದ್ದಾರೆ” ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ಡಾಕ್ಟರು ಸೂಜಿಯನ್ನು ತಟ್ಟೆಗೆ ಹಾಕಿ, ನರ್ಸಿಗೆ ಕಣ್ಣಲ್ಲೇ ಸನ್ನೆ ಮಾಡಿ, ಅವಳೊಂದಿಗೆ ಹೊರಗೆ ಹೋದರು.